ಅಜ್ಜನ ಟ್ರಂಕಿನ ಏರ್‌ಮೇಲ್ ಕವರ್: ಜೆ.ಆರ್.ಡಿ. ಹಾರಿಸಿ ತಂದದ್ದೇ ಇದು?

ಪ್ರಶ್ನೆ: ಹೊಸಪೇಟೆಯ ನಮ್ಮ ಹಳೇ ಮನೆ ಖಾಲಿ ಮಾಡುವಾಗ ಅಜ್ಜನ ಟ್ರಂಕಿನಲ್ಲಿ ಒಂದು ಏರ್‌ಮೇಲ್ ಕವರ್ ಸಿಕ್ಕಿತು. ಅಜ್ಜನ ಅಣ್ಣ ಕರಾಚಿಯಲ್ಲಿ ಹತ್ತಿ ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರು ಮನೆಗೆ ಬರೆದದ್ದು. ಒಳಗೆ ಕನ್ನಡದ ಕಾಗದ ಹಾಗೇ ಇದೆ. ಮುಂಭಾಗದಲ್ಲಿ ಎರಡು ಸ್ಟ್ಯಾಂಪ್: ವಿಮಾನದ ಚಿತ್ರವಿರುವ ಎರಡು ಆಣೆಯ ಹಸಿರು ಒಂದು, ರಾಜನ ತಲೆಯಿರುವ ಒಂದು ಆಣೆ ಮೂರು ಪೈಯ ತಿಳಿ ನೇರಳೆ ಒಂದು. ಪಕ್ಕದಲ್ಲಿ ನೀಲಿ ಏರ್‌ಮೇಲ್ ಲೇಬಲ್. ಅದರ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಎರಡು ಗೆರೆ ಎಳೆದಿದ್ದಾರೆ. ಕರಾಚಿಯ ಮುದ್ರೆಯಲ್ಲಿ ಅಕ್ಟೋಬರ್ 32 ಅಂತ ಓದಲು ಆಗುತ್ತದೆ, ತಾರೀಖು ಮಸುಕಾಗಿದೆ. ಹಿಂಭಾಗದಲ್ಲಿ ಬಳ್ಳಾರಿಯ ಮುದ್ರೆ ಇದೆ, ಅದರಲ್ಲಿ 22 ಅಕ್ಟೋಬರ್ 32 ಸ್ಪಷ್ಟ. ಇನ್ನೊಂದು ಮುದ್ರೆ ಹಳೇ ಸೆಲ್ಲೋಟೇಪಿನ ಕೆಳಗೆ ಮುಚ್ಚಿಹೋಗಿದೆ. ಮೂಲೆಯಲ್ಲಿ ನೀರಿನ ಕಲೆಯೂ ಇದೆ. ಪರಿಚಯದವರೊಬ್ಬರು, ಇದು ಮೊದಲ ದಿನ ಜೆ.ಆರ್.ಡಿ. ಟಾಟಾ ಅವರೇ ಹಾರಿಸಿ ತಂದ ಕಾಗದ, ಸ್ಟ್ಯಾಂಪ್ ಮೇಲಿರುವುದೂ ಅವರ ವಿಮಾನವೇ ಅಂತಾರೆ. ಇನ್ನೊಬ್ಬರು, ಕವರಿಗೆ ಬೆಲೆಯಿಲ್ಲ, ನೀರಲ್ಲಿ ನೆನೆಸಿ ಸ್ಟ್ಯಾಂಪ್ ಬಿಡಿಸಿಕೊಳ್ಳಿ ಅಂತಾರೆ. ಮತ್ತೊಬ್ಬರು ಕಲೆ ನೋಡಿ, ವಿಮಾನ ಸಮುದ್ರಕ್ಕೆ ಬಿದ್ದು ಉಳಿದ ಕಾಗದ ಇರಬೇಕು ಅಂತಾರೆ. ಯಾರ ಮಾತು ನಿಜ? ಈಗ ನಾನು ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ದಯವಿಟ್ಟು ಆ ಕವರಿಗೆ ನೀರು ಮುಟ್ಟಿಸಬೇಡಿ. ಸ್ಟ್ಯಾಂಪ್ ಬಿಡಿಸಬೇಡಿ, ಟೇಪ್ ಎಳೆಯಬೇಡಿ, ನೆಟ್ಟಗಾಗಲಿ ಅಂತ ಇಸ್ತ್ರಿ ಹಾಕಬೇಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಹಳೇ ಕವರ್‌ಗಳನ್ನು ನೋಡುತ್ತಾ ನನಗೆ ಬಹಳ ವರ್ಷಗಳಾದವು. ನನ್ನ ಕೈಗೆ ಬರುವ ಹೊತ್ತಿಗೆ ಎಷ್ಟೋ ಕವರ್‌ಗಳ ಮೇಲೆ ಸ್ಟ್ಯಾಂಪ್ ಇದ್ದ ಜಾಗದಲ್ಲಿ ಬರೀ ಒಂದು ಚೌಕದ ಗುರುತು ಇರುತ್ತದೆ. ಬಿಡಿಸಿದ ಸ್ಟ್ಯಾಂಪ್ ಯಾವುದೋ ಆಲ್ಬಮ್ಮಿನಲ್ಲಿ ಅಂಥದೇ ಸಾವಿರದ ನಡುವೆ ಒಂದಾಗಿ ಹೋಗಿರುತ್ತದೆ. ಆ ಕಾಗದ ಯಾವ ಊರಿಂದ ಹೊರಟಿತು, ಯಾವ ದಾರಿಯಲ್ಲಿ ಬಂತು, ಎಷ್ಟು ದಿನ ತೆಗೆದುಕೊಂಡಿತು ಅನ್ನುವುದು ಅಲ್ಲಿಗೆ ಮುಗಿಯಿತು. ಹಾಗಾಗಿಯೇ ಅಂಚೆ ಇತಿಹಾಸ ನೋಡುವವರು ಸ್ಟ್ಯಾಂಪನ್ನು ಕವರಿನಿಂದ ಬೇರೆ ಮಾಡಿ ನೋಡುವುದಿಲ್ಲ. ಸ್ಟ್ಯಾಂಪ್, ಮುದ್ರೆ, ಲೇಬಲ್, ಕೆಂಪು ಗೆರೆ, ಮೂಲೆಯಲ್ಲಿ ಪೆನ್ಸಿಲಿನಲ್ಲಿ ಗೀಚಿದ ಒಂದು ಅಂಕಿ, ಇವೆಲ್ಲ ಒಟ್ಟಿಗೆ ಇದ್ದರೇ ಕವರ್ ಬಾಯಿ ಬಿಡುತ್ತದೆ.

ನಿಮ್ಮದು ತುಂಬಾ ಮಾತಾಡುವ ಕವರ್. ಅದಕ್ಕೇ ನನಗೆ ಇಷ್ಟು ಕಾಳಜಿ.

ಜೆ.ಆರ್.ಡಿ. ವಿಷಯ ಮೊದಲು ಬಗೆಹರಿಸೋಣ. ನಿಮ್ಮ ಮನಸ್ಸಿನಲ್ಲಿ ಕುಳಿತಿರುವುದು ಅದೇ ಅಲ್ವಾ.

1929ರ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಕಂಪನಿ ಲಂಡನ್ನಿನಿಂದ ಕರಾಚಿಗೆ ವಿಮಾನ ಅಂಚೆ ಶುರು ಮಾಡಿತು. ಆಗಿನ ದಾರಿ ಕೇಳಿದರೆ ಈಗಿನವರಿಗೆ ಆಶ್ಚರ್ಯ ಆಗುತ್ತದೆ. ಲಂಡನ್ನಿನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ವರೆಗೆ ವಿಮಾನ. ಅಲ್ಲಿಂದ ಇಟಲಿಯ ಜಿನೋವಾಗೆ ರೈಲು. ಜಿನೋವಾದಿಂದ ಅಲೆಕ್ಸಾಂಡ್ರಿಯಾಗೆ ನೀರಿನ ಮೇಲೆ ಇಳಿಯುವ ವಿಮಾನ. ಅಲ್ಲಿಂದ ಕರಾಚಿಗೆ ಮತ್ತೊಂದು ವಿಮಾನ. ಎಲ್ಲ ಸೇರಿ ಒಂದು ವಾರ. ಕರಾಚಿ ತಲುಪಿದ ಕಾಗದ ಮುಂದೆ ದಕ್ಷಿಣಕ್ಕೆ ಬರಬೇಕಾದರೆ ರೈಲೇ ಗತಿ. ಆ ವರ್ಷದ ಡಿಸೆಂಬರ್ 30ರಂದು ಈ ಮಾರ್ಗ ದೆಹಲಿಯವರೆಗೆ ಬೆಳೆಯಿತು, ಆದರೆ ನಮ್ಮ ಕಡೆಗೆ ಅದರಿಂದ ಹೆಚ್ಚು ಉಪಯೋಗ ಆಗಲಿಲ್ಲ.

ಆ ಕೊರತೆ ತುಂಬಿದ್ದು ಟಾಟಾ. 1932ರ ಅಕ್ಟೋಬರ್ 15, ಶನಿವಾರ. ಬೆಳಗ್ಗೆ 6 ಗಂಟೆ 35 ನಿಮಿಷಕ್ಕೆ ಜೆ.ಆರ್.ಡಿ. ಕರಾಚಿಯಿಂದ ಪುಸ್ ಮಾತ್ ಅನ್ನುವ ಪುಟ್ಟ ವಿಮಾನದಲ್ಲಿ ಹೊರಟರು. ಜೊತೆಗಿದ್ದ ಅಂಚೆ ಸುಮಾರು 25 ಕಿಲೋ ಅಷ್ಟೇ. ಅಹಮದಾಬಾದಿನಲ್ಲಿ ಇಳಿದು ಇಂಧನ ತುಂಬಿಕೊಂಡು, ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ಬೊಂಬಾಯಿಯ ಜುಹುವಿಗೆ ಬಂದಿಳಿದರು. ಅವರ ಹಾರಾಟ ಅಲ್ಲಿಗೆ ಮುಗಿಯಿತು. ಅಲ್ಲಿಂದ ಅಂಚೆ ಚೀಲ ತೆಗೆದುಕೊಂಡು ಬಳ್ಳಾರಿಗೆ ಹಾರಿದವರು ನೆವಿಲ್ ವಿನ್ಸೆಂಟ್. ಟಾಟಾ ಕಂಪನಿಗೆ ಈ ವಿಮಾನ ಅಂಚೆಯ ಯೋಜನೆ ತಂದವರೇ ಅವರು. ರಾತ್ರಿ ಬಳ್ಳಾರಿಯಲ್ಲಿ ತಂಗಿ, ಮರುದಿನ ಮದ್ರಾಸು ಸೇರಿದರು.

ಅಂದರೆ, ಮೊದಲ ದಿನದ ಕಾಗದವೇ ಆಗಿದ್ದರೂ ಬಳ್ಳಾರಿಗೆ ಅದನ್ನು ತಂದದ್ದು ವಿನ್ಸೆಂಟ್. ಜೆ.ಆರ್.ಡಿ. ಕೈಯಲ್ಲಿ ಅದು ಬೊಂಬಾಯಿಯವರೆಗೆ ಮಾತ್ರ ಬಂದಿರುತ್ತದೆ. ಇದನ್ನು ನಮ್ಮಲ್ಲಿ ಬಹಳ ಜನ ಮರೆಯುತ್ತಾರೆ. ನನಗಂತೂ ಬೇಸರ ಆಗುತ್ತದೆ. ಕನ್ನಡ ನಾಡಿನ ಮಣ್ಣಿನ ಮೇಲೆ ಆ ಅಂಚೆ ತಂದು ಇಳಿಸಿದ ಮನುಷ್ಯನ ಹೆಸರು ನಮಗೇ ನೆನಪಿಲ್ಲದಿದ್ದರೆ ಇನ್ನಾರಿಗೆ ಇರಬೇಕು?

ಈಗ ನಿಮ್ಮ ಕವರಿನ ತಾರೀಖು. ಬಳ್ಳಾರಿಯ ಮುದ್ರೆ 22 ಅಕ್ಟೋಬರ್. ಮೊದಲ ವಿಮಾನ ಬಳ್ಳಾರಿಗೆ ಬಂದದ್ದು 15ಕ್ಕೆ. ಅದರಲ್ಲಿ ಬಂದ ಕಾಗದಕ್ಕೆ 15 ಅಥವಾ 16ರ ಮುದ್ರೆ ಬೀಳಬೇಕು. ಒಂದು ವಾರ ಬಳ್ಳಾರಿಯಲ್ಲಿ ಸುಮ್ನೆ ಇಟ್ಟುಕೊಂಡು ಆಮೇಲೆ ಮುದ್ರೆ ಒತ್ತುವುದಿಲ್ಲ. ಆದ್ದರಿಂದ ಮೊದಲ ದಿನದ ಮಾತನ್ನು ಇಲ್ಲಿಗೆ ಬಿಡಬೇಕಾಗುತ್ತದೆ. ನಿಮಗೆ ನಿರಾಸೆ ಆಗಬಹುದು, ಗೊತ್ತು.

ಆದರೆ ಕ್ಯಾಲೆಂಡರ್ ತೆಗೆದು ನೋಡಿ. 22 ಮುಂದಿನ ಶನಿವಾರ. ಟಾಟಾ ಅಂಚೆ ವಾರಕ್ಕೊಮ್ಮೆ ಹಾರುತ್ತಿತ್ತು. ಹಾಗಾದರೆ ನಿಮ್ಮ ಕಾಗದ ಎರಡನೇ ವಾರದ ವಿಮಾನದಲ್ಲಿ ಬಂದಿರುವ ಸಾಧ್ಯತೆ ತುಂಬಾ ಇದೆ. ಅದನ್ನು ಗಟ್ಟಿ ಮಾಡುವುದು ಕರಾಚಿಯ ಮಸುಕು ತಾರೀಖು. ವಿಮಾನ ಬೆಳಗಿನ ಜಾವದಲ್ಲೇ ಹೊರಡುತ್ತಿದ್ದರಿಂದ ಕಾಗದವನ್ನು ಹಿಂದಿನ ದಿನ ಅಥವಾ ಅದೇ ಮುಂಜಾನೆ ಹಾಕಿರಬೇಕು. ಅಲ್ಲಿ 21 ಅಥವಾ 22 ಅಂತ ಕಂಡರೆ ಕೆಲಸ ಮುಗಿಯಿತು. ಕರಾಚಿಗೂ ಬಳ್ಳಾರಿಗೂ ಹೆಚ್ಚುಕಡಿಮೆ 1,500 ಕಿಲೋಮೀಟರ್. ಅಷ್ಟು ದೂರವನ್ನು ಒಂದು ದಿನದಲ್ಲಿ ದಾಟಿಸುವ ರೈಲು ಆಗ ಇರಲಿಲ್ಲ, ಈ ದಾರಿಯಲ್ಲಿ ಗಾಡಿ ಬದಲಿಸಿ ಬದಲಿಸಿ ಬರಬೇಕಿತ್ತು. ಅಲ್ಲಿ 18 ಅಥವಾ 19 ಅಂತಿದ್ದರೆ ಮಾತ್ರ ಅನುಮಾನ. ಆಗ ಕಾಗದ ವಿಮಾನಕ್ಕಾಗಿ ಕಾದು ಕುಳಿತಿತ್ತೋ, ರೈಲಿನಲ್ಲೇ ಬಂತೋ ಹೇಳುವುದು ಕಷ್ಟ. ಬೇಗ ತಲುಪುತ್ತದೆ ಅನ್ನಿಸಿದರೆ ಏರ್‌ಮೇಲ್ ಕಾಗದವನ್ನೂ ರೈಲಿಗೆ ಹಾಕುವುದು ಇತ್ತು. ಲೇಬಲ್ ಅಂಟಿಸಿದೆ ಅಂದ ಮಾತ್ರಕ್ಕೆ ಹಾರಿತು ಅಂತ ಅಲ್ಲ. ಈ ಕೆಲಸದಲ್ಲಿ ಹೊಸಬರು ಜಾಸ್ತಿ ಎಡವುವುದು ಇಲ್ಲೇ. ವಿಮಾನದ ಸ್ಟ್ಯಾಂಪ್ ಕಂಡರೆ ಹಾರಿದ ಕಾಗದ ಅಂದುಬಿಡುತ್ತಾರೆ. ಅದೇ ಕಾಲದಲ್ಲಿ ಬರೀ ಸಾಧಾರಣ ಸ್ಟ್ಯಾಂಪ್ ಹಚ್ಚಿಯೂ ವಿಮಾನದ ದರ ಕಟ್ಟಬಹುದಿತ್ತು. ಹಾರಿದ್ದಕ್ಕೆ ಸಾಕ್ಷಿ ಎರಡು ಊರಿನ ಎರಡು ತಾರೀಖುಗಳ ನಡುವಿನ ಅಂತರ.

ಮಸುಕು ತಾರೀಖು ಓದಲು ಕವರಿಗೆ ಏನೂ ಮಾಡಬೇಕಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ತನ್ನಿ. ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಿ. ಮುದ್ರೆ ಒತ್ತಿದ ಕಡೆ ಕಾಗದ ಸ್ವಲ್ಪ ತಗ್ಗಿರುತ್ತದೆ, ಶಾಯಿ ಹೋದರೂ ತಗ್ಗು ಉಳಿದಿರುತ್ತದೆ. ಆಮೇಲೆ ಒಳ್ಳೆಯ ಸ್ಕ್ಯಾನ್ ಮಾಡಿಸಿ, 600 ಡಿಪಿಐ ಇರಲಿ, ಕಂಪ್ಯೂಟರಿನಲ್ಲಿ ಬಣ್ಣ ಮತ್ತು ಕಪ್ಪು-ಬಿಳುಪಿನ ಅಂತರ ಹೆಚ್ಚಿಸಿ ನೋಡಿ. ಕಣ್ಣಿಗೆ ಕಾಣದ ಅಂಕಿ ಹೀಗೆ ಎಷ್ಟೋ ಸಲ ಎದ್ದು ಬಂದಿದೆ.

ಸ್ಟ್ಯಾಂಪಿನ ಕಡೆ ಬರೋಣ. ಹಸಿರು ಬಣ್ಣದ ಎರಡು ಆಣೆಯದು 1929ರ ಅಕ್ಟೋಬರ್ 22ರಂದು ಬಂದ ಆರು ಏರ್‌ಮೇಲ್ ಸ್ಟ್ಯಾಂಪ್‌ಗಳಲ್ಲಿ ಒಂದು. ಎರಡು, ಮೂರು, ನಾಲ್ಕು, ಆರು, ಎಂಟು ಮತ್ತು ಹನ್ನೆರಡು ಆಣೆಯವು ಇದ್ದವು. ಅಚ್ಚಾದದ್ದು ನಾಸಿಕದಲ್ಲಿ. ನಾಸಿಕದಲ್ಲಿ ಅಚ್ಚು ಹಾಕುವುದು ಶುರುವಾಗುವ ಮೊದಲು ಭಾರತದ ಸ್ಟ್ಯಾಂಪ್‌ಗಳು ಲಂಡನ್ನಿನಲ್ಲಿ ಅಚ್ಚಾಗಿ ಬರುತ್ತಿದ್ದವು. ನಾಸಿಕದ ಕಾಗದದಲ್ಲಿ ಹಲವು ನಕ್ಷತ್ರಗಳ ವಾಟರ್‌ಮಾರ್ಕ್ ಇರುತ್ತದೆ, ಲಂಡನ್ನಿನದರಲ್ಲಿ ಒಂದು ಸ್ಟ್ಯಾಂಪಿಗೆ ಒಂದೇ ನಕ್ಷತ್ರ. ಸ್ಟ್ಯಾಂಪ್ ಕವರಿಗೆ ಅಂಟಿರುವಾಗ ವಾಟರ್‌ಮಾರ್ಕ್ ನೋಡಲು ಆಗುವುದಿಲ್ಲ. ಅದಕ್ಕೋಸ್ಕರ ಬಿಡಿಸಲೂ ಬೇಡಿ, ಈ ಎರಡೂ ಚೀಟಿಗಳಿಗೆ ಅದರ ಅಗತ್ಯವೇ ಇಲ್ಲ. ಇನ್ನು ಚಿತ್ರದಲ್ಲಿರುವ ವಿಮಾನ. ಅದು ಡಿ ಹ್ಯಾವಿಲ್ಯಾಂಡ್ ಹರ್ಕ್ಯುಲಿಸ್, ಮೂರು ಇಂಜಿನ್ನಿನ ದೊಡ್ಡ ವಿಮಾನ, ಇಂಪೀರಿಯಲ್ ಏರ್‌ವೇಸ್‌ನದು. ಭೂತಗನ್ನಡಿಯಲ್ಲಿ ನೋಡಿದರೆ ಎರಡು ಅಂತಸ್ತಿನ ರೆಕ್ಕೆ ಕಾಣುತ್ತದೆ. ಜೆ.ಆರ್.ಡಿ. ಹಾರಿಸಿದ ಪುಸ್ ಮಾತ್ ಒಂದೇ ಇಂಜಿನ್ನಿನ, ಒಂದೇ ಅಂತಸ್ತಿನ ರೆಕ್ಕೆಯ ಪುಟ್ಟ ವಿಮಾನ. ಸ್ಟ್ಯಾಂಪ್ ಬಂದಾಗ ಟಾಟಾ ಅಂಚೆ ಇನ್ನೂ ಮೂರು ವರ್ಷ ದೂರ ಇತ್ತು.

ತಿಳಿ ನೇರಳೆ ಚೀಟಿ ನೋಡಲು ಸಾಧಾರಣ. ನನಗೆ ಮಾತ್ರ ಅದರ ಮೇಲೆ ಹೆಚ್ಚು ಪ್ರೀತಿ, ಯಾಕೆಂದರೆ ಅದು ನಿಮ್ಮ ಕವರಿನ ಕಾಲವನ್ನು ಬಿಗಿ ಹಿಡಿಯುತ್ತದೆ. 1931ರ ಕೊನೆಯಲ್ಲಿ ಸರ್ಕಾರ ಅಂಚೆ ದರ ಏರಿಸಿತು. ದೇಶದೊಳಗಿನ ಕಾಗದಕ್ಕೆ ಒಂದು ಆಣೆ ಇದ್ದದ್ದು ಒಂದು ಆಣೆ ಮೂರು ಪೈ ಆಯಿತು. ಆ ಹೊಸ ದರಕ್ಕೆ ತಕ್ಕಂತೆ 1932ರಲ್ಲಿ ಈ ಚೀಟಿ ಬಂತು. ಹಾಗಾಗಿ ಕವರ್ 1932ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಮುದ್ರೆಯಲ್ಲಿ ಓದಿದ 32ಕ್ಕೆ ಇದು ಒಳ್ಳೆಯ ಬೆಂಬಲ. ಜೊತೆಗೆ ಲೆಕ್ಕವೂ ಚೆನ್ನಾಗಿ ಕೂಡುತ್ತದೆ. ಒಂದು ಆಣೆ ಮೂರು ಪೈ ಸಾಧಾರಣ ಕಾಗದದ ದರ, ಮೇಲಿನ ಎರಡು ಆಣೆ ವಿಮಾನಕ್ಕೆ ಕಟ್ಟಿದ ಹೆಚ್ಚಿನ ಹಣ. ಕಾಗದದ ತೂಕ ಎಷ್ಟು ತೊಲ ಇತ್ತು ಅನ್ನುವುದರ ಮೇಲೆ ಇದು ಬದಲಾಗುತ್ತದೆ, ಆದ್ದರಿಂದ ಆ ವರ್ಷದ ಅಂಚೆ ದರಪಟ್ಟಿಯೊಂದಿಗೆ ತಾಳೆ ನೋಡಿಸಿ. ಕವರ್ ಪರೀಕ್ಷೆ ಮಾಡುವವರು ಮೊದಲು ಮಾಡುವ ಕೆಲಸವೇ ಇದು. ಸುಳ್ಳು ಕವರ್ ಮಾಡುವವರು ಹೆಚ್ಚಾಗಿ ಸಿಕ್ಕಿಬೀಳುವುದೂ ಇದರಲ್ಲೇ. ಚೆಂದ ಕಾಣಲಿ ಅಂತ ಸ್ಟ್ಯಾಂಪ್ ಹಚ್ಚಿರುತ್ತಾರೆ, ದರ ಮಾತ್ರ ಕೂಡುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಸ್ಟ್ಯಾಂಪ್ ಹೇಳುವುದು ಇದಕ್ಕಿಂತ ಹಿಂದಿನದಲ್ಲ ಅನ್ನುವುದನ್ನು ಮಾತ್ರ. ಇದಕ್ಕಿಂತ ಮುಂದಿನದಲ್ಲ ಅಂತ ಅದು ಹೇಳಲಾರದು. ಐದನೇ ಜಾರ್ಜ್ 1936ರ ಜನವರಿಯಲ್ಲಿ ತೀರಿಕೊಂಡರು. ಆದರೂ ಅವರ ತಲೆಯ ಚೀಟಿಗಳನ್ನು ಜನ ಆಮೇಲೂ ಹಚ್ಚುತ್ತಲೇ ಇದ್ದರು. ನಿಮ್ಮದು 1932ರದು ಅಂತ ನಾವು ಹೇಳುವುದು ಸ್ಟ್ಯಾಂಪ್, ಎರಡು ಮುದ್ರೆ, ದರ ಎಲ್ಲವೂ ಒಂದೇ ಕಡೆಗೆ ಬೆರಳು ತೋರಿಸುತ್ತಿವೆ ಅನ್ನುವ ಕಾರಣಕ್ಕೆ.

ಕೆಂಪು ಗೆರೆ ಹಾಳು ಮಾಡಿದ್ದು ಅಂತ ನೀವು ಅಂದುಕೊಂಡಿರಬಹುದು. ನನಗೆ ಇಡೀ ಕವರಿನಲ್ಲಿ ಅತಿ ಚಂದದ ವಿವರ ಅದೇ. ಕಾಗದದ ವಿಮಾನ ಪ್ರಯಾಣ ಮುಗಿದ ಜಾಗದಲ್ಲಿ ಏರ್‌ಮೇಲ್ ಲೇಬಲ್ ಮೇಲೆ ಎರಡು ಗೆರೆ ಎಳೆಯುವ ಅಥವಾ ಒತ್ತುವ ಪದ್ಧತಿ ಆ ಕಾಲದ ಅಂಚೆಯಲ್ಲಿ ಹಲವು ದೇಶಗಳಲ್ಲಿತ್ತು. ಇನ್ನು ಇದನ್ನು ವಿಮಾನಕ್ಕೆ ಹಾಕಬೇಡಿ, ಉಳಿದ ದಾರಿ ನೆಲದ ಮೇಲೆ ಅಂತ ಮುಂದಿನ ಕಚೇರಿಗೆ ಹೇಳುವ ಗುರುತು ಅದು. ಫ್ರೆಂಚ್ ಭಾಷೆ ಅಂಚೆಯ ಅಂತರರಾಷ್ಟ್ರೀಯ ಭಾಷೆ ಆದ್ದರಿಂದ ಸಂಗ್ರಹಕಾರರು ಇಂಥ ಗುರುತನ್ನು 'ಜುಸ್ಕಾ' ಅಂತ ಕರೆಯುತ್ತಾರೆ, 'ಇಲ್ಲಿಯವರೆಗೆ' ಅಂತ ಅರ್ಥ. ನಿಮ್ಮ ಕಾಗದ ಹೋಗಬೇಕಾದದ್ದು ಹೊಸಪೇಟೆಗೆ. ವಿಮಾನ ಇಳಿಯುತ್ತಿದ್ದದ್ದು ಬಳ್ಳಾರಿಯಲ್ಲಿ. ಅಲ್ಲಿಂದ ಹೊಸಪೇಟೆಗೆ ರೈಲಿನ ದಾರಿ. ಬಳ್ಳಾರಿಯ ಅಂಚೆ ಕಚೇರಿಯಲ್ಲಿ ಕುಳಿತ ಯಾರೋ ಒಬ್ಬರು ಕೆಂಪು ಪೆನ್ಸಿಲ್ ತೆಗೆದು ಆ ಎರಡು ಗೆರೆ ಎಳೆದಿರಬೇಕು ಅಂತ ನನ್ನ ಊಹೆ. ಟೇಪಿನ ಕೆಳಗಿರುವುದು ಹೊಸಪೇಟೆಯ ಮುದ್ರೆ ಅಂತ ಗೊತ್ತಾದರೆ ಈ ಊಹೆಗೆ ಬಲ ಬರುತ್ತದೆ.

ಕಾಗದ ಸ್ವಲ್ಪ ದೂರ ಹಾರಿ, ಉಳಿದ ದಾರಿ ನೆಲದ ಮೇಲೆ ಹೋಗುವುದು ನಮ್ಮ ದೇಶದ ವಿಮಾನ ಅಂಚೆಯ ಹುಟ್ಟಿನಿಂದಲೇ ಇದೆ. 1911ರ ಫೆಬ್ರವರಿ 18ರಂದು ಅಲಹಾಬಾದಿನ ಪ್ರದರ್ಶನದ ಮೈದಾನದಿಂದ ಆನ್ರಿ ಪೆಕೆ ಅನ್ನುವ ಫ್ರೆಂಚ್ ಯುವಕ ಸುಮಾರು 6,500 ಕಾಗದಗಳನ್ನು ಹೊತ್ತು ಯಮುನಾ ನದಿ ದಾಟಿ ನೈನಿಯಲ್ಲಿ ಇಳಿದ. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಅದು. ಹಾರಿದ ದೂರ ಸುಮಾರು 10 ಕಿಲೋಮೀಟರ್ ಮಾತ್ರ. ನೈನಿಯಿಂದ ಆ ಕಾಗದಗಳು ಮಾಮೂಲಿ ಅಂಚೆಯಲ್ಲಿ ಜಗತ್ತಿನ ಮೂಲೆ ಮೂಲೆಗೆ ಹೋದವು. ಅವುಗಳ ಮೇಲಿನ ವಿಶೇಷ ಮುದ್ರೆ ನೇರಳೆಗೆಂಪು ಬಣ್ಣದ್ದು, ವಿಮಾನ ಮತ್ತು ಬೆಟ್ಟದ ಚಿತ್ರ ಇರುವಂಥದ್ದು. ಅದರ ನಕಲಿಗಳು ಬಹಳ ಬಂದಿವೆ. ಯಾರಾದರೂ ಅದನ್ನು ನಿಮಗೆ ಮಾರಲು ಬಂದರೆ ತಜ್ಞರ ಪ್ರಮಾಣಪತ್ರ ಇಲ್ಲದೆ ಮುಟ್ಟಬೇಡಿ.

ನೀರಿನ ಕಲೆಗೆ ಎರಡೇ ಮಾತು. ಆ ಕಾಲದಲ್ಲಿ ಅಂಚೆ ವಿಮಾನಗಳು ಬಿದ್ದದ್ದು ನಿಜ. 1929ರ ಅಕ್ಟೋಬರ್ 26ರಂದು 'ಸಿಟಿ ಆಫ್ ರೋಮ್' ಇಟಲಿಯ ತೀರದ ಬಳಿ ಸಮುದ್ರದ ಪಾಲಾಯಿತು. 1935ರ ಡಿಸೆಂಬರ್ 31ರಂದು 'ಸಿಟಿ ಆಫ್ ಖಾರ್ತೂಮ್' ಅಲೆಕ್ಸಾಂಡ್ರಿಯಾದ ಹತ್ತಿರ ನೀರಿಗೆ ಬಿತ್ತು. ಉಪ್ಪುನೀರಲ್ಲಿ ನೆನೆದ ಕಾಗದಗಳಲ್ಲಿ ಸ್ಟ್ಯಾಂಪ್ ಕಳಚಿ ಹೋಗಿರುವುದೇ ಹೆಚ್ಚು, ಯಾಕೆ ಹಾಳಾಗಿದೆ ಅಂತ ಹೇಳುವ ಠಸ್ಸೆಯೋ ಚೀಟಿಯೋ ಅಂಚೆಯವರು ಹಾಕಿರುತ್ತಾರೆ. ನಿಮ್ಮದರಲ್ಲಿ ಸ್ಟ್ಯಾಂಪ್ ಭದ್ರವಾಗಿದೆ, ಠಸ್ಸೆ ಇಲ್ಲ, ಕಾಗದ ಬಂದ ದಾರಿಯೂ ಬೇರೆ. ಕಲೆ ಬಿದ್ದಿರುವುದು ಮೂಲೆಯಲ್ಲಿ ಮಾತ್ರ. ಮಳೆಗಾಲದಲ್ಲಿ ಟ್ರಂಕಿನ ತಳಕ್ಕೆ ತೇವ ಹತ್ತಿದ್ದು ಇರಬೇಕು.

ಈಗ ಕವರ್ ಅಸಲಿಯೇ ಅನ್ನುವ ಪ್ರಶ್ನೆ. ನೀವು ಕೇಳಿಲ್ಲ, ಆದರೆ ಮಾರಲು ಹೋದ ದಿನ ಕೊಳ್ಳುವವರು ಕೇಳುತ್ತಾರೆ. ಮನೆಯ ಟ್ರಂಕಿನಲ್ಲಿ, ಒಳಗಿನ ಕಾಗದದ ಸಮೇತ ಸಿಕ್ಕಿರುವುದು ದೊಡ್ಡ ಬಲ. ಆದರೂ ಕೆಲವನ್ನು ನೀವೇ ನೋಡಬಹುದು. ಕರಾಚಿಯ ಮುದ್ರೆ ಅರ್ಧ ಸ್ಟ್ಯಾಂಪ್ ಮೇಲೆ, ಅರ್ಧ ಕವರ್ ಮೇಲೆ ಬಿದ್ದಿದೆಯೇ? ವೃತ್ತದ ಗೆರೆ ಸ್ಟ್ಯಾಂಪಿನ ಅಂಚು ದಾಟುವಾಗ ತುಂಡಾಗದೆ, ಜರುಗದೆ ಮುಂದುವರಿಯಬೇಕು. ವಿಳಾಸ ಬಾಲ್‌ಪೆನ್ನಿನಲ್ಲಿ ಬರೆದಿದ್ದರೆ ಅನುಮಾನ ಪಡಿ, ಅಂಗಡಿಯಲ್ಲಿ ಬಾಲ್‌ಪೆನ್ ಸಿಗತೊಡಗಿದ್ದು 1945ರ ಸುಮಾರಿಗೆ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರಂತೂ ಕೇಳುವುದೇ ಬೇಡ, ಅದು ಶುರುವಾದದ್ದು 1972ರಲ್ಲಿ. ಹೊಸಪೇಟೆಯ ಮುಂದೆ ಮದ್ರಾಸ್ ಅಂತ ಇದ್ದರೆ ಗಾಬರಿ ಆಗಬೇಡಿ. ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ನೋಟು ಪರೀಕ್ಷಿಸುವ ನೇರಳಾತೀತ ದೀಪ ಸಿಕ್ಕರೆ ಕತ್ತಲಲ್ಲಿ ಕವರನ್ನು ಅದರ ಕೆಳಗೆ ಒಂದು ಕ್ಷಣ ಹಿಡಿಯಿರಿ. ಕಾಗದ ನೀಲಿ ಬಿಳುಪಾಗಿ ಹೊಳೆದರೆ ಅದು 1932ರ ಕಾಗದ ಅಲ್ಲ, ಆ ಹೊಳಪು ಕೊಡುವ ರಾಸಾಯನಿಕ ಕಾಗದಕ್ಕೆ ಸೇರತೊಡಗಿದ್ದು ಹತ್ತಿಪ್ಪತ್ತು ವರ್ಷ ಆದ ಮೇಲೆ. ಮಂಕಾಗಿ ಕಂಡರೆ ಒಳ್ಳೆಯ ಸೂಚನೆ.

ಇನ್ನೊಂದು ವಿಷಯ. ಜೆ.ಆರ್.ಡಿ. 1982ರಲ್ಲಿ, 78ನೇ ವಯಸ್ಸಿನಲ್ಲಿ, ಕರಾಚಿಯಿಂದ ಬೊಂಬಾಯಿಗೆ ಮತ್ತೊಮ್ಮೆ ಹಳೇ ಮಾದರಿಯ ಪುಟ್ಟ ವಿಮಾನದಲ್ಲಿ ಹಾರಿದರು. ಇಂಥ ನೆನಪಿನ ಹಾರಾಟಗಳ ಕವರ್‌ಗಳನ್ನು 1932ರವು ಅಂತ ತಿಳಿದು ನನ್ನ ಬಳಿ ತಂದವರಿದ್ದಾರೆ. ನಿಮ್ಮದು ಆ ಜಾತಿಯದಲ್ಲ.

ಮೊದಲ ಹಾರಾಟದ್ದಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ ಅಂತ ನಾನು ಹೇಳುವುದಕ್ಕೆ ಕಾರಣ ಇದೆ. ಮೊದಲ ಹಾರಾಟ ಅಂದರೆ ಆಗಲೂ ಸಂಗ್ರಹಕಾರರು ಮುಗಿಬೀಳುತ್ತಿದ್ದರು. ತಮಗೆ ತಾವೇ ಖಾಲಿ ಕವರ್ ಕಳಿಸಿಕೊಂಡು, ವಿಶೇಷ ಠಸ್ಸೆ ಹಾಕಿಸಿಕೊಂಡು ಜೋಪಾನವಾಗಿ ಇಟ್ಟುಕೊಂಡರು. ಕಲ್ಕತ್ತೆಯ ಸ್ಟೀಫನ್ ಸ್ಮಿತ್ ಅವರಂಥವರು ಇದರಲ್ಲೇ ಬದುಕಿದರು. ಮುಂದೆ 1934ರಿಂದ ರಾಕೆಟ್ಟಿನಲ್ಲಿ ಕಾಗದ ಹಾರಿಸಿದವರೂ ಅವರೇ, ಅವರ ನೆನಪಿಗೆ ನಮ್ಮ ಅಂಚೆ ಇಲಾಖೆ 1992ರಲ್ಲಿ ಸ್ಟ್ಯಾಂಪ್ ತಂದಿತು. ಅಂಥವರ ಶ್ರಮದಿಂದ ಮೊದಲ ದಿನದ ಕವರ್‌ಗಳು ಉಳಿದವು. ಎರಡನೇ ವಾರಕ್ಕೆ ಆ ಉತ್ಸಾಹ ಇಳಿದಿರುತ್ತದೆ. ಆಗ ವಿಮಾನದಲ್ಲಿ ಕಾಗದ ಹಾಕಿದವರು ನಿಜವಾಗಿ ಏನೋ ಹೇಳಬೇಕಿದ್ದವರು. ಅದನ್ನು ಪಡೆದವರು ಓದಿ ಬಿಸಾಕಿದರು. ಹಾಗಾಗಿ ಕರಾಚಿಯ ಗುಮಾಸ್ತರೊಬ್ಬರು ಹೊಸಪೇಟೆಯ ತಮ್ಮನಿಗೆ ಬರೆದ, ಒಳಗಿನ ಕಾಗದ ಸಮೇತ ಉಳಿದ, ಬಳ್ಳಾರಿಯ ಮುದ್ರೆ ಇರುವ ಕವರ್ ನನ್ನ ಅನುಭವದಲ್ಲಿ ಅಪರೂಪ. ಕೆಲವು ವರ್ಷಗಳಲ್ಲೇ ಈ ಮಾರ್ಗ ಬಳ್ಳಾರಿ ಬಿಟ್ಟು ಹೈದರಾಬಾದ್ ಕಡೆ ತಿರುಗಿತು. ಬಳ್ಳಾರಿಗೆ ವಿಮಾನ ಅಂಚೆ ಇಳಿಯುತ್ತಿದ್ದ ಕಾಲ ತೀರಾ ಚಿಕ್ಕದು. ನಿಮ್ಮ ಕವರ್ ಅದರ ಮೊದಲ ಹದಿನೈದು ದಿನಗಳೊಳಗಿನದು.

ಇನ್ನು ಮಾಡಬೇಕಾದದ್ದು. ಕವರನ್ನು ಸಾಧಾರಣ ಪ್ಲಾಸ್ಟಿಕ್ಕಿನಲ್ಲಿ ಇಡಬೇಡಿ. ಪಿವಿಸಿ ಹಾಳೆ ಕಾಲ ಕಳೆದಂತೆ ಬೆವರಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಹಾಳೆಯ ಚೀಲ ಸ್ಟ್ಯಾಂಪ್ ಸಾಮಾನು ಮಾರುವವರಲ್ಲಿ ಸಿಗುತ್ತದೆ. ಅದರಲ್ಲಿ ಹಾಕಿ, ನಿಲ್ಲಿಸಿ, ಬಿಸಿಲು ಮತ್ತು ತೇವ ತಾಗದ ಕಡೆ ಇಡಿ. ಒಳಗಿನ ಕಾಗದವನ್ನು ಬಿಡಿಸಿ ಬೇರೊಂದು ಚೀಲದಲ್ಲಿ ಹಾಕಿ, ಎರಡನ್ನೂ ಒಟ್ಟಿಗೇ ಇಡಿ. ಹಳೇ ಮಡಿಕೆಯಲ್ಲೇ ಬಿಟ್ಟರೆ ಮಡಿಕೆಯ ಗೆರೆ ಹರಿಯುತ್ತದೆ. ಪೆನ್ಸಿಲ್ ಗುರುತು ಯಾವುದಿದ್ದರೂ ಅಳಿಸಬೇಡಿ.

ಸೆಲ್ಲೋಟೇಪ್ ನನಗೆ ಹೆಚ್ಚು ಚಿಂತೆ ತರುವ ಸಂಗತಿ. ಅದರ ಅಂಟು ವರ್ಷಗಳಲ್ಲಿ ಕಾಗದದೊಳಗೆ ಇಳಿದು ಕಂದಾಗುತ್ತದೆ. ಎಳೆದರೆ ಮೇಲಿನ ಪದರದ ಜೊತೆ ಮುದ್ರೆಯೂ ಕಿತ್ತು ಬರುತ್ತದೆ. ಹಾಗೇ ಬಿಟ್ಟರೆ ಕಲೆ ಇನ್ನೂ ಹರಡುತ್ತದೆ. ಹಳೇ ಹಸ್ತಪ್ರತಿ, ಕಾಗದ ರಿಪೇರಿ ಮಾಡುವ ಸಂರಕ್ಷಕರಿಗೆ ತೋರಿಸುವುದೊಂದೇ ದಾರಿ. ಅವರು ದ್ರಾವಕ ಬಳಸಿ ಬಿಡಿಸುತ್ತಾರೆ. ಅದರಲ್ಲೂ ಅಪಾಯ ಇದೆ, ಮುದ್ರೆಯ ಶಾಯಿ ಆ ದ್ರಾವಕಕ್ಕೆ ಕರಗುವಂಥದ್ದಾದರೆ ಹರಿಯಬಹುದು. ಆದ್ದರಿಂದ ಕೆಲಸ ಶುರು ಮಾಡುವ ಮೊದಲು ಶಾಯಿಯ ಒಂದು ಚುಕ್ಕೆಯ ಮೇಲೆ ಪರೀಕ್ಷೆ ಮಾಡಿ ನೋಡಿ ಅಂತ ಕೇಳಿ. ಕೇಳಲು ಸಂಕೋಚ ಬೇಡ, ಒಳ್ಳೆಯ ಸಂರಕ್ಷಕರು ಈ ಪ್ರಶ್ನೆಗೆ ಖುಷಿಪಡುತ್ತಾರೆ. ಅದಕ್ಕೂ ಮೊದಲು ಎರಡೂ ಬದಿಯ ಸ್ಕ್ಯಾನ್ ನಿಮ್ಮ ಬಳಿ ಇರಲೇಬೇಕು.

ಪ್ರಮಾಣಪತ್ರ ಬೇಕೇ? ಮನೆಯಲ್ಲೇ ಇಟ್ಟುಕೊಳ್ಳುವುದಾದರೆ ಬೇಡ. ಮಾರುವುದಾದರೆ ಅಥವಾ ಪ್ರದರ್ಶನಕ್ಕೆ ಇಡುವುದಾದರೆ ಉಪಯೋಗ ಆಗುತ್ತದೆ. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ತಜ್ಞರ ಸಮಿತಿ ಇಂಥ ಕೆಲಸ ಬಹಳ ಕಾಲದಿಂದ ಮಾಡುತ್ತಿದೆ. ಕವರನ್ನೇ ಕಳಿಸಬೇಕು, ಶುಲ್ಕ ಇದೆ, ತಿಂಗಳುಗಟ್ಟಲೆ ಕಾಯಬೇಕು, ದಾರಿಯಲ್ಲಿ ಕಳೆದುಹೋಗುವ ಭಯವೂ ಇದೆ. ಕೊನೆಗೆ ಸಿಗುವುದು ತಜ್ಞರ ಅಭಿಪ್ರಾಯ, ಅದು ನಿಮಗೆ ಬೇಕಾದ ಹಾಗೆ ಇರದೇ ಇರಬಹುದು. ಮೊದಲು ಸ್ಕ್ಯಾನ್ ಪ್ರತಿಯನ್ನು ಭಾರತದ ವಿಮಾನ ಅಂಚೆ ಸಂಗ್ರಹಿಸುವ ಇಬ್ಬರು ಮೂವರಿಗೆ ತೋರಿಸಿ. 1950ರಲ್ಲಿ ಶುರುವಾದ ಇಂಡಿಯಾ ಸ್ಟಡಿ ಸರ್ಕಲ್ ಅನ್ನುವ ಸಂಘದಲ್ಲಿ ನಮ್ಮ ದೇಶದ ಅಂಚೆ ಇತಿಹಾಸವನ್ನೇ ಓದಿ ಬರೆಯುವವರಿದ್ದಾರೆ. ಅವರಲ್ಲಿ ಅದೇ ಮಾರ್ಗದ ಬೇರೆ ಕವರ್‌ಗಳು ಇರುತ್ತವೆ, ಮುದ್ರೆ ಪಕ್ಕಕ್ಕಿಟ್ಟು ಹೋಲಿಸಬಹುದು.

ಮಾರಲೇಬೇಕು ಅನ್ನಿಸಿದರೆ ತಪ್ಪೇನಿಲ್ಲ. ಆದರೆ ಮೊದಲು ಬಂದವರಿಗೆ ಕೊಡಬೇಡಿ, ಇವತ್ತೇ ಕೊಡಿ ಅಂತ ಅವಸರ ಮಾಡುವವರಿಗಂತೂ ಬೇಡ. ಜೆ.ಆರ್.ಡಿ. ಹೆಸರು ಹೇಳಿ ಮಾರಬೇಡಿ, ತಾರೀಖು ಓದಬಲ್ಲವರು ಮೊದಲ ನೋಟದಲ್ಲೇ ಹಿಡಿಯುತ್ತಾರೆ. ಆಮೇಲೆ ಕವರಿನಲ್ಲಿ ನಿಜವಾಗಿ ಇರುವ ಒಳ್ಳೆಯದನ್ನೂ ಅವರು ನಂಬುವುದಿಲ್ಲ. ಕವರ್, ಕಾಗದ ಎರಡನ್ನೂ ಒಟ್ಟಿಗೇ ಕೊಡಿ.

ಕೊನೆಯದಾಗಿ, ಟೇಪಿನ ಕೆಳಗಿನ ಮುದ್ರೆಗೆ ನೀವು ಕಾಯಬೇಕು. ಕರಾಚಿಯ ಮಸುಕು ತಾರೀಖಿಗೆ ಒಳ್ಳೆಯ ಸ್ಕ್ಯಾನ್ ಬೇಕು. ಆದರೆ ಒಂದು ಸಾಕ್ಷಿ ಈಗಲೇ ನಿಮ್ಮ ಕೈಯಲ್ಲಿದೆ, ನಿಮ್ಮ ಪ್ರಶ್ನೆಯಲ್ಲಿ ಅದರ ಬಗ್ಗೆ ಏನೂ ಬರೆದಿಲ್ಲ. ಆ ಕಾಲದವರು ಕಾಗದದ ತಲೆಯ ಮೇಲೆ ಊರು, ತಾರೀಖು ಬರೆಯದೆ ಕಾಗದ ಶುರು ಮಾಡುತ್ತಿರಲಿಲ್ಲ. ನಿಮ್ಮ ದೊಡ್ಡಜ್ಜನ ಕಾಗದವನ್ನು ಮೆಲ್ಲಗೆ ಬಿಡಿಸಿ ನೋಡಿ. ಮೇಲ್ಗಡೆ ಶುಕ್ರವಾರ, 21ನೇ ಅಕ್ಟೋಬರ್ ಅಂತ ಇದ್ದರೆ ದಯವಿಟ್ಟು ನನಗೂ ತಿಳಿಸಿ. ಇಷ್ಟು ಅವಸರದಲ್ಲಿ, ಹೊಸದಾಗಿ ಬಂದ ವಿಮಾನಕ್ಕೆ ಎರಡು ಆಣೆ ಹೆಚ್ಚು ಕೊಟ್ಟು, ಅವರು ತಮ್ಮನಿಗೆ ಹೇಳಬೇಕಾದದ್ದು ಏನಿತ್ತು ಅಂತ ತಿಳಿಯಲು ನನಗೂ ಆಸೆ ಇದೆ.